ಹಳೇ ಕಾಲದ ಪ್ರತಿಮೆಗಳು: ಹೇಗೆ ಮಾಡಿದರು, ಮಾಡಿ ಏನು ಮಾಡಿದರು?

ತುಂಗಾತೀರ:

ಈಜಿಪ್ಟ್, ಗ್ರೀಸ್, ರೋಮ್ ಕಡೆಯ ಪ್ರತಿಮೆಗಳ ಬಗ್ಗೆ ತಿಳಿದವರು ಸ್ವಲ್ಪ ಹೇಳಿ. ನನ್ನ ಗೊಂದಲ ಇಷ್ಟು. ಕಬ್ಬಿಣವೇ ಬಳಕೆಗೆ ಬಾರದ ಕಾಲದಲ್ಲಿ ಈಜಿಪ್ಟಿನವರು ಗ್ರಾನೈಟ್‌ನಂಥ ಕಲ್ಲನ್ನು ಅಷ್ಟು ನುಣ್ಣಗೆ ಹೇಗೆ ಕೆತ್ತಿದರು? ಗ್ರೀಕರ ಕಂಚಿನ ಪ್ರತಿಮೆಗಳು ಆಳೆತ್ತರ ಇದ್ದರೂ ಒಳಗೆ ಟೊಳ್ಳಂತೆ, ಅದನ್ನು ಎರಕ ಹೊಯ್ಯುವುದು ಹೇಗೆ? ಆಮೇಲೆ ಮುಖ್ಯವಾದದ್ದು, ಇಷ್ಟೊಂದು ಪ್ರತಿಮೆ ಮಾಡಿ ಊರು ತುಂಬಾ ಇಟ್ಟುಕೊಂಡು ಏನು ಮಾಡುತ್ತಿದ್ದರು? ಗುಡಿಯ ದೇವರು ಅಂದರೆ ಅರ್ಥ ಆಗುತ್ತದೆ. ಉಳಿದವೆಲ್ಲ ಬರೀ ಅಂದಕ್ಕಾ? ಯೂಟ್ಯೂಬಿನಲ್ಲಿ ಹುಡುಕಿದರೆ ಅರ್ಧ ಜನ ಅನ್ಯಗ್ರಹದವರು ಬಂದು ಕೆತ್ತಿಕೊಟ್ಟರು ಅಂತಾರೆ. ಆ ದಾರಿ ಬೇಡ ದಯವಿಟ್ಟು.

ಉಳಿಪೆಟ್ಟು:

ಕಲ್ಲಿನದ್ದು ನಾನು ಹೇಳುತ್ತೇನೆ, ಎರಕದ್ದು ಗೊತ್ತಿರುವವರು ಬರಲಿ.

ಈಜಿಪ್ಟಿನವರು ಗಟ್ಟಿ ಕಲ್ಲಿಗೆ ಕಲ್ಲನ್ನೇ ಹೊಡೆದರು, ಅಷ್ಟೇ. ಸುಣ್ಣದಕಲ್ಲಿನಂಥ ಮೆತ್ತನೆ ಕಲ್ಲಿಗೆ ತಾಮ್ರದ ಉಳಿ ಸಾಕು. ಗ್ರಾನೈಟ್ ಮೇಲೆ ಇಟ್ಟು ಹೊಡೆದರೆ ಅದೇ ಉಳಿಯ ಬಾಯಿ ಮಡಚಿಕೊಳ್ಳುತ್ತದೆ. ಹಾಗಾಗಿ ಡೋಲರೈಟ್ ಅನ್ನುವ ಕಪ್ಪು ಕಲ್ಲಿನ ಉಂಡೆಗಳನ್ನು ಎರಡೂ ಕೈಯಲ್ಲಿ ಹಿಡಿದು ಕುಟ್ಟುತ್ತಿದ್ದರು. ಕುಟ್ಟಿದ ಜಾಗ ಸ್ವಲ್ಪ ಸ್ವಲ್ಪವೇ ಪುಡಿಯಾಗುತ್ತದೆ. ಪುಡಿ ಗುಡಿಸು, ಮತ್ತೆ ಕುಟ್ಟು. ಅಸ್ವಾನ್‌ನ ಗಣಿಯಲ್ಲಿ ಸುಮಾರು 42 ಮೀಟರ್ ಉದ್ದದ ಕಂಬವೊಂದು ಬಿರುಕು ಬಿಟ್ಟಿದ್ದರಿಂದ ಅರ್ಧಕ್ಕೇ ಕೈಬಿಟ್ಟದ್ದು ಇವತ್ತಿಗೂ ಬಂಡೆಯಲ್ಲೇ ಮಲಗಿದೆ. ಅದರ ಸುತ್ತ ತೋಡಿದ ಕಾಲುವೆಯಲ್ಲಿ ಒಬ್ಬೊಬ್ಬ ಆಳು ಕೂತು ಕುಟ್ಟಿದ ಗುಳಿಗಳು ಸಾಲಾಗಿ ಕಾಣುತ್ತವೆ, ಉಂಡೆಗಳೂ ಅಲ್ಲೇ ಸಿಕ್ಕಿವೆ. ಕೊಯ್ಯಬೇಕಾದಾಗ ತಾಮ್ರದ ಗರಗಸದ ಅಡಿಗೆ ಮರಳು ಸುರಿದು ಎಳೆಯುತ್ತಿದ್ದರು. ಕಲ್ಲನ್ನು ಕೊಯ್ಯುವುದು ಮರಳು, ತಾಮ್ರ ಅದನ್ನು ಎಳೆದಾಡುವುದಕ್ಕೆ ಮಾತ್ರ. ಕೊನೆಗೆ ನುಣುಪು ಬರುವವರೆಗೆ ಉಜ್ಜುವುದು. ಇದರಲ್ಲಿ ಮಾಯ ಇಲ್ಲ, ಜನಬಲ ಮತ್ತು ಸಮಯ ಇದೆ.

ಆಕಾರ ಬರುವುದು ಹೇಗೆ ಅಂದರೆ, ದಿಮ್ಮಿಯ ನಾಲ್ಕೂ ಮುಖಕ್ಕೆ ಕೆಂಪು ಗೆರೆಯಲ್ಲಿ ಚೌಕ ಚೌಕ ಹಾಕಿ ಮುಂದಿನಿಂದ, ಪಕ್ಕದಿಂದ ಹೇಗೆ ಕಾಣಬೇಕೋ ಹಾಗೆ ಚಿತ್ರ ಬರೆಯುತ್ತಿದ್ದರು. ನಿಂತ ಮನುಷ್ಯನಿಗೆ ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಚೌಕ. ನಾಲ್ಕೂ ಕಡೆಯಿಂದ ಒಳಗೆ ಕೆತ್ತುತ್ತಾ ಹೋಗುವುದು, ಗೆರೆ ಅಳಿಸಿದಂತೆಲ್ಲ ಮತ್ತೆ ಬರೆಯುವುದು. ಹತ್ತಾರು ಜನ ಒಂದೇ ಪ್ರತಿಮೆಯ ಮೇಲೆ ಕೂತರೂ ಅಳತೆ ತಪ್ಪುತ್ತಿರಲಿಲ್ಲ. ಈಜಿಪ್ಟಿನ ಪ್ರತಿಮೆಗಳು ನೆಟ್ಟಗೆ, ಬಿಗಿಯಾಗಿ ನಿಂತಿರುತ್ತವಲ್ಲ, ಬೆನ್ನಿಗೆ ಕಲ್ಲಿನ ಕಂಬ, ಕೈಗೂ ಮೈಗೂ ನಡುವೆ ಬಿಡಿಸದೇ ಬಿಟ್ಟ ಕಲ್ಲು? ಚೆನ್ನಾಗಿ ಕೆತ್ತಲು ಬರುತ್ತಿರಲಿಲ್ಲ ಅಂತ ಅಲ್ಲ. ಮುರಿಯಬಾರದು. ಶಾಶ್ವತವಾಗಿ ನಿಲ್ಲಬೇಕಾದ ವಸ್ತು ಅದು.

ಸಾಗಿಸಿದ್ದಕ್ಕೆ ಅವರೇ ಬರೆದಿಟ್ಟ ಚಿತ್ರ ಇದೆ. ಜೆಹುತಿಹೋತೆಪ್ ಅನ್ನುವ ಅಧಿಕಾರಿಯ ಗೋರಿಯಲ್ಲಿ, ಕ್ರಿ.ಪೂ. 1900ರ ಆಸುಪಾಸಿನದು. ಅವನ ದೈತ್ಯ ಪ್ರತಿಮೆಯನ್ನು ಮರದ ಜಾರುಬಂಡಿ ಮೇಲೆ ಹಗ್ಗ ಬಿಗಿದು ಕೂರಿಸಿದ್ದಾರೆ. ನಾಲ್ಕು ಸಾಲಿನಲ್ಲಿ 172 ಜನ ಎಳೆಯುತ್ತಿದ್ದಾರೆ. ಬಂಡಿಯ ಮೂತಿಯ ಮೇಲೆ ಒಬ್ಬ ನಿಂತು ಮುಂದಿನ ನೆಲಕ್ಕೆ ನೀರು ಸುರಿಯುತ್ತಿದ್ದಾನೆ. ಏನೋ ಪೂಜೆ ಇರಬೇಕು ಅಂದುಕೊಂಡವರೇ ಜಾಸ್ತಿ. 2014ರಲ್ಲಿ ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ ನೋಡಿದರು. ಮರಳಿಗೆ ಹದವಾಗಿ ನೀರು ಹಾಕಿದರೆ ಎಳೆಯಲು ಬೇಕಾದ ಬಲ ಅರ್ಧಕ್ಕೆ ಇಳಿಯುತ್ತದೆ.

ಸಂಜೆಮಲ್ಲಿಗೆ:

ಉಳಿಪೆಟ್ಟು ಸರ್, ಈಜಿಪ್ಟಿನ ಪ್ರತಿಮೆಗಳಿಗೆ ಮೂಗೇ ಇರುವುದಿಲ್ಲ ಯಾಕೆ? ಬಿದ್ದು ಮುರಿದದ್ದಾ?

ಉಳಿಪೆಟ್ಟು:

ಕೆಲವು ಬಿದ್ದು ಮುರಿದವು. ಮೂಗು ಮುಂದೆ ಚಾಚಿರುತ್ತದೆ, ಮೊದಲ ಏಟು ಅದಕ್ಕೇ. ಆದರೆ ಗೋಡೆಯ ಉಬ್ಬುಚಿತ್ರಗಳಲ್ಲೂ, ಚಪ್ಪಟೆಯಾಗಿರುವ ಕಡೆಯೂ, ಮೂಗನ್ನೇ ಹುಡುಕಿ ಕೆತ್ತಿ ತೆಗೆದದ್ದು ಇದೆ. ಅದು ಬೇಕಂತಲೇ ಮಾಡಿದ್ದು. ಪ್ರತಿಮೆ ಉಸಿರಾಡುವುದು ಮೂಗಿನಿಂದ ಅಲ್ವಾ, ಅದನ್ನು ಒಡೆದರೆ ಒಳಗಿನವನು ಸತ್ತ. ಕಾಣಿಕೆ ಕೊಡುವ ಕೈ ಒಡೆದರೆ ಕಾಣಿಕೆ ನಿಂತಿತು.

ಇದು ತಿಳಿಯಬೇಕಾದರೆ ಅವರು ಪ್ರತಿಮೆಗೆ ಏನು ಮಾಡುತ್ತಿದ್ದರು ನೋಡಬೇಕು. ಕೆತ್ತನೆ ಮುಗಿದ ಕೂಡಲೇ ಅದು ಬರೀ ಕಲ್ಲು. ಪುರೋಹಿತ ಬಂದು ಬಾಚಿಯಂಥ ಒಂದು ಹತಾರವನ್ನು ಅದರ ಬಾಯಿಗೆ ಮುಟ್ಟಿಸಿ ಬಾಯಿ ತೆರೆಸುವ ಶಾಸ್ತ್ರ ಮಾಡಿದ ಮೇಲೆಯೇ ಅದಕ್ಕೆ ಉಣ್ಣಲು, ಉಸಿರಾಡಲು ಬರುತ್ತಿತ್ತು. ನಮ್ಮಲ್ಲಿ ಕಣ್ಣು ತೆರೆಸುವ ಶಾಸ್ತ್ರ ಇದೆಯಲ್ಲ, ನೇತ್ರೋನ್ಮೀಲನ, ಹೆಚ್ಚುಕಡಿಮೆ ಅದೇ ಯೋಚನೆ, ಆದರೆ ಒಂದರಿಂದ ಇನ್ನೊಂದು ಬಂತು ಅಂತ ನಾನು ಹೇಳುತ್ತಿಲ್ಲ, ಯಾರೂ ಹಾಗೆ ಓದಿಕೊಳ್ಳಬೇಡಿ. ಸಕ್ಕಾರಾದಲ್ಲಿ ಜೋಸರ್ ದೊರೆಯ ಪ್ರತಿಮೆಯನ್ನು ಪಿರಮಿಡ್ ಪಕ್ಕದ ಮುಚ್ಚಿದ ಕೋಣೆಯಲ್ಲಿ ಕೂರಿಸಿದ್ದರು. ಬಾಗಿಲೇ ಇಲ್ಲ. ಅವನ ಕಣ್ಣಿನ ಮಟ್ಟಕ್ಕೆ ಗೋಡೆಯಲ್ಲಿ ಎರಡು ತೂತು. ಹೊರಗಿನವರು ಪ್ರತಿಮೆ ನೋಡಲಿ ಅಂತ ಇಟ್ಟದ್ದಲ್ಲ ಅದು, ಪ್ರತಿಮೆ ಹೊರಗೆ ನೋಡಲಿ ಅಂತ.

ಅಂದಕ್ಕಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇದೇ. ಹಳೇ ಪ್ರಪಂಚದಲ್ಲಿ ಪ್ರತಿಮೆ ಅಂದರೆ ಒಬ್ಬ ಆಸಾಮಿ. ಅದಕ್ಕೆ ಕೆಲಸ ಇತ್ತು, ಊಟ ಇತ್ತು, ಮರ್ಯಾದೆ ಇತ್ತು, ಶಿಕ್ಷೆಯೂ ಇತ್ತು. ಗ್ರೀಸ್, ರೋಮ್ ಕಡೆ ಹೋದರೂ ಇದು ಪೂರ್ತಿ ಬಿಟ್ಟುಹೋಗಲಿಲ್ಲ.

ಎರಕದಮನೆ:

ನಮ್ಮ ಮನೆಯಲ್ಲಿ ದೀಪ, ಗಂಟೆ ಎರಕ ಹೊಯ್ಯುತ್ತೇವೆ. ಟೊಳ್ಳು ಎರಕದ ಪ್ರಶ್ನೆ ನನಗೆ ಬಿಡಿ.

ಚಿಕ್ಕ ಮೂರ್ತಿಗೆ ಮೇಣದಲ್ಲಿ ಗೊಂಬೆ ಮಾಡು, ಮೇಲೆ ಜೇಡಿಮಣ್ಣು ಮೆತ್ತು, ಸುಡು, ಮೇಣ ಕರಗಿ ಓಡುತ್ತದೆ, ಆ ಜಾಗಕ್ಕೆ ಲೋಹ ಹೊಯ್ಯಿ. ಒಳಗೂ ಲೋಹವೇ. ನಮ್ಮ ಪಂಚಲೋಹದ ಮೂರ್ತಿಗಳು ಸಾಮಾನ್ಯವಾಗಿ ಹೀಗೆ ಗಟ್ಟಿ ಎರಕ. ಆಳೆತ್ತರಕ್ಕೆ ಇದು ನಡೆಯುವುದಿಲ್ಲ. ಒಂದು, ಅಷ್ಟು ಕಂಚಿಗೆ ದುಡ್ಡು ಯಾರಪ್ಪಂದು? ಎರಡು, ದಪ್ಪ ಇರುವ ಕಡೆ ನಿಧಾನ, ತೆಳು ಇರುವ ಕಡೆ ಬೇಗ ಆರುತ್ತದೆ, ಎಳೆದುಕೊಂಡು ಸೀಳುತ್ತದೆ.

ಗ್ರೀಕರು ಮಾಡಿದ್ದು ಹೀಗೆ. ಮೊದಲು ಮಣ್ಣಿನಲ್ಲಿ ಪೂರ್ತಿ ಪ್ರತಿಮೆ. ಅದರ ಮೇಲೆ ತುಂಡು ತುಂಡಾಗಿ ಅಚ್ಚು ತೆಗೆಯುತ್ತಾರೆ. ತಲೆಗೆ ಬೇರೆ, ಕೈಗೆ ಬೇರೆ, ಕಾಲಿಗೆ ಬೇರೆ. ಅಚ್ಚಿನ ಒಳಮೈಗೆ ಮೇಣವನ್ನು ತೆಳ್ಳಗೆ ಬಳಿದು, ಒಳಗೆ ಉಳಿದ ಖಾಲಿ ಜಾಗಕ್ಕೆ ಮಣ್ಣಿನ ತಿರುಳು ತುಂಬುತ್ತಾರೆ. ಅಚ್ಚು ಬಿಡಿಸಿದರೆ ಈಗ ಮಣ್ಣಿನ ತಿರುಳಿಗೆ ಮೇಣದ ಚರ್ಮ ಹೊದಿಸಿದ ಕೈಯೋ ಕಾಲೋ ಸಿಗುತ್ತದೆ. ಕೂದಲು, ಉಗುರು, ನರ ಎಲ್ಲ ಈ ಮೇಣದಲ್ಲೇ ತಿದ್ದಬೇಕು. ಆಮೇಲೆ ಮೇಣದಿಂದ ತಿರುಳಿನೊಳಕ್ಕೆ ಲೋಹದ ಮೊಳೆ ಚುಚ್ಚುತ್ತಾರೆ. ಯಾಕೆ ಗೊತ್ತಾ? ಮೇಣ ಓಡಿಹೋದ ಮೇಲೆ ತಿರುಳು ಅಲ್ಲಾಡಿ ಹೊರಗೋಡೆಗೆ ತಾಗಿದರೆ ಅಲ್ಲಿ ಕಂಚು ಬರುವುದೇ ಇಲ್ಲ, ತೂತು. ಮೊಳೆ ಅದನ್ನು ಹಿಡಿದು ನಿಲ್ಲಿಸುತ್ತದೆ. ಲೋಹ ಇಳಿಯಲು ದಾರಿ, ಗಾಳಿ ಹೋಗಲು ದಾರಿ ಮೇಣದ ಕಡ್ಡಿಯಲ್ಲೇ ಮಾಡಿಟ್ಟು, ಹೊರಗೆ ಮತ್ತೆ ಮಣ್ಣು ಮೆತ್ತಿ, ಗುಂಡಿಯಲ್ಲಿ ಇಟ್ಟು ಸುಟ್ಟು, ಕಂಚು ಹೊಯ್ಯುವುದು. ಗಾಳಿ ದಾರಿ ಮರೆತರೆ ಏನಾಗುತ್ತದೆ ಅಂತ ಎರಕದವರನ್ನು ಕೇಳಿ ನೋಡಿ.

ತಣ್ಣಗಾದ ಮೇಲೆ ಮಣ್ಣು ಒಡೆದು ತುಂಡುಗಳನ್ನು ಹೊರತೆಗೆದು, ಸಂದಿಗೆ ಕಾದ ಕಂಚನ್ನೇ ಹರಿಸಿ ಬೆಸೆಯುತ್ತಿದ್ದರು. ಗುಳ್ಳೆ ಬಂದ ಕಡೆ ಚೌಕವಾಗಿ ಕೊರೆದು ಕಂಚಿನ ತೇಪೆ ಕೂರಿಸಿ, ಉಜ್ಜಿ, ತೇಪೆ ಕಾಣದ ಹಾಗೆ ಮಾಡುತ್ತಿದ್ದರು. ತುಟಿಗೆ ತಾಮ್ರ. ಕಣ್ಣಿಗೆ ಕಲ್ಲು, ಗಾಜು. ರೆಪ್ಪೆಗೆ ತಾಮ್ರದ ತಗಡು ಕತ್ತರಿಸಿ ಎಸಳು ಎಸಳಾಗಿ ಬಿಟ್ಟದ್ದು. ಡೆಲ್ಫಿಯಲ್ಲಿ 1896ರಲ್ಲಿ ಸಿಕ್ಕ ಸಾರಥಿಯ ಪ್ರತಿಮೆಯಲ್ಲಿ ಈ ರೆಪ್ಪೆ ಈಗಲೂ ಇದೆ. 1972ರಲ್ಲಿ ಇಟಲಿಯ ರಿಯಾಚೆ ಊರಿನ ಹತ್ತಿರ ಸಮುದ್ರದಲ್ಲಿ ಸಿಕ್ಕ ಇಬ್ಬರು ಯೋಧರಲ್ಲಿ ಒಬ್ಬನಿಗೆ ಬೆಳ್ಳಿಯ ಹಲ್ಲು.

ಬರ್ಲಿನ್‌ನಲ್ಲಿ ಒಂದು ಬಟ್ಟಲಿದೆ. ಅಥೆನ್ಸಿನಲ್ಲಿ ಮಾಡಿದ್ದು, ಕ್ರಿ.ಪೂ. 490-480ರ ಸುಮಾರಿನದು, ಸಿಕ್ಕಿದ್ದು ಇಟಲಿಯ ವುಲ್ಚಿಯಲ್ಲಿ. ಅದರ ಹೊರಮೈ ಸುತ್ತ ಎರಕದ ಕಾರ್ಖಾನೆಯ ಚಿತ್ರ. ಒಬ್ಬ ಕುಲುಮೆ ಮುಂದೆ ಕುಕ್ಕರಗಾಲಲ್ಲಿ ಕೂತು ಬೆಂಕಿ ಕೆದಕುತ್ತಿದ್ದಾನೆ, ಹಿಂದೆ ಒಬ್ಬ ಹುಡುಗ ಇಣುಕುತ್ತಿದ್ದಾನೆ, ಇನ್ನೊಬ್ಬ ಸುತ್ತಿಗೆ ಊರಿಕೊಂಡು ಸುಮ್ನೆ ನಿಂತಿದ್ದಾನೆ. ಎಲ್ಲ ಕಾರ್ಖಾನೆಯಲ್ಲೂ ಅಂಥವನೊಬ್ಬ ಇದ್ದೇ ಇರುತ್ತಾನೆ. ಗೋಡೆಗೆ ಕೈ ಕಾಲಿನ ಅಚ್ಚು ನೇತು ಹಾಕಿದ್ದಾರೆ. ಬಲಗಡೆ ಒಬ್ಬ ತಲೆ ಇಲ್ಲದ ಕಂಚಿನ ಮೈಗೆ ಕೈ ಜೋಡಿಸುತ್ತಿದ್ದಾನೆ. ತಲೆ? ಅವನ ಕಾಲ ಬಳಿ ನೆಲದ ಮೇಲೆ ಬಿದ್ದುಕೊಂಡಿದೆ. ತುಂಡು ತುಂಡಾಗಿ ಮಾಡಿ ಬೆಸೆಯುತ್ತಿದ್ದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಮ್ಮ ನೆಲದ ಲೆಕ್ಕವೂ ಒಂದು ಇರಲಿ. ಕಾಲ ತುಂಬಾ ಈಚಿನದು, 12ನೇ ಶತಮಾನ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮೇಣದ ಎರಕದ ಕ್ರಮ ಬರೆದಿದೆ. ಮೇಣದ ಗೊಂಬೆಯನ್ನು ಮಣ್ಣು ಮೆತ್ತುವ ಮೊದಲೇ ತೂಗಬೇಕು, ಆ ತೂಕಕ್ಕೆ ಇಂಥ ಲೋಹಕ್ಕೆ ಇಷ್ಟು ಪಟ್ಟು ಅಂತ ಲೆಕ್ಕ ಹಾಕಿ ಲೋಹ ತಗೋಬೇಕು ಅಂತ. ನಾವು ಈಗಲೂ ಹಾಗೇ ತೂಗುತ್ತೇವೆ. ಹೊಯ್ಯುವಾಗ ಅರ್ಧಕ್ಕೆ ಲೋಹ ಮುಗಿದರೆ ಇಡೀ ಕೆಲಸ ಹಾಳು.

ತುಂಗಾತೀರ:

ಅಬ್ಬಾ, ಸೊಗಸಾಗಿ ಹೇಳಿದಿರಿ. ಆದರೆ ಒಂದು ಅನುಮಾನ. ಗ್ರೀಕರದ್ದು ಅಂತ ನಾವು ನೋಡುವುದೆಲ್ಲ ಬಿಳಿ ಅಮೃತಶಿಲೆ. ಇಷ್ಟು ಕಂಚು ಎಲ್ಲಿ ಹೋಯಿತು?

ಉಳಿಪೆಟ್ಟು:

ಕರಗಿತು. ಕಂಚು ಅಂದರೆ ನಾಣ್ಯ, ಪಾತ್ರೆ, ಆಯುಧ. ಕಷ್ಟ ಬಂದಾಗ ಮೊದಲು ಕುಲುಮೆಗೆ ಹೋಗುವುದು ಅದೇ. ಲಿಸಿಪ್ಪಸ್ ಅನ್ನುವ ಒಬ್ಬನೇ ಶಿಲ್ಪಿ 1500 ಪ್ರತಿಮೆ ಮಾಡಿದ ಅಂತ ರೋಮಿನ ಪ್ಲಿನಿ ಬರೆದಿದ್ದಾನೆ. ಪ್ರತಿ ಪ್ರತಿಮೆಯ ಸಂಭಾವನೆಯಲ್ಲಿ ಒಂದು ಚಿನ್ನದ ನಾಣ್ಯ ತೆಗೆದಿಡುತ್ತಿದ್ದ, ಸತ್ತ ಮೇಲೆ ಮನೆಯವರು ಎಣಿಸಿದರು ಅಂತ ಕತೆ. ಅವನು ಕೈಯಾರೆ ಮಾಡಿದ್ದು ಇದು ಅಂತ ಎಲ್ಲರೂ ಒಪ್ಪುವ ಒಂದು ಪ್ರತಿಮೆ ಕೂಡ ಇವತ್ತು ಉಳಿದಿಲ್ಲ.

ಉಳಿದ ಕಂಚು ಹೆಚ್ಚಾಗಿ ನೀರಿನಲ್ಲೋ ಮಣ್ಣಿನಲ್ಲೋ ಕಳೆದುಹೋಗಿದ್ದು. ಹಡಗು ಮುಳುಗಿದ್ದರಿಂದ ಆಂಟಿಕಿಥೆರಾದ ಪ್ರತಿಮೆಗಳು ಉಳಿದವು, 1900ರಲ್ಲಿ ಸ್ಪಂಜು ತೆಗೆಯುವ ಮುಳುಗುಗಾರರಿಗೆ ಸಿಕ್ಕವು. ಇಟಲಿಯ ಸಾನ್ ಕಾಶಿಯಾನೊದ ಬಿಸಿನೀರ ಬುಗ್ಗೆಯ ಕೆಸರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಂಚಿನ ಪ್ರತಿಮೆ ಸಿಕ್ಕ ಸುದ್ದಿ ಬಂದದ್ದು ಮೊನ್ನೆ ಮೊನ್ನೆ, 2022ರಲ್ಲಿ.

ಅಮೃತಶಿಲೆಯದ್ದು ಬೇರೆ ಕತೆ. ರೋಮಿನ ಸಿರಿವಂತರಿಗೆ ಗ್ರೀಕ್ ಪ್ರತಿಮೆಗಳ ಹುಚ್ಚು. ಕಂಚಿನ ಮೂಲಕ್ಕೆ ಗಾರೆಯಲ್ಲಿ ಅಚ್ಚು ತೆಗೆದು, ಅದನ್ನು ನೋಡಿಕೊಂಡು ಕಲ್ಲಿನಲ್ಲಿ ನಕಲು ಮಾಡಿಸುತ್ತಿದ್ದರು. ನೇಪಲ್ಸ್ ಹತ್ತಿರದ ಬಾಯಾ ಊರಲ್ಲಿ 1954ರಲ್ಲಿ ಇಂಥ ಗಾರೆ ಅಚ್ಚುಗಳ ನೂರಾರು ಚೂರು ಸಿಕ್ಕಿವೆ. ನಕಲನ್ನು ಗುರುತಿಸುವುದು ಸುಲಭ. ಕಂಚಿನವನು ಎರಡು ಕಾಲಿನ ಮೇಲೆ ಹಗುರವಾಗಿ ನಿಲ್ಲುತ್ತಾನೆ. ಕಲ್ಲಿನವನಿಗೆ ಕಣಕಾಲು ತಡೆಯುವುದಿಲ್ಲ. ಅದಕ್ಕೇ ಅವನ ಕಾಲಿಗೆ ಒರಗಿಕೊಂಡ ಹಾಗೆ ಒಂದು ಮರದ ಬೊಡ್ಡೆ ಇರುತ್ತದೆ. ಕಾಡೂ ಇಲ್ಲ ತೋಟವೂ ಇಲ್ಲ, ಆದರೂ ಬೊಡ್ಡೆ. ಸೊಂಟಕ್ಕೂ ಮಣಿಕಟ್ಟಿಗೂ ನಡುವೆ ಕಲ್ಲಿನ ಅಡ್ಡಪಟ್ಟಿ ಬೇರೆ.

ಆಮೇಲೆ ಬಿಳಿ ಅನ್ನುವುದೂ ಸರಿಯಲ್ಲ. ಬಣ್ಣ ಹಚ್ಚುತ್ತಿದ್ದರು.

ಬಿಸಿಲುಕುದುರೆ:

ಇದೊಂದು ನಾನು ಒಪ್ಪುವುದಿಲ್ಲ ಗುರುವೇ. ಆ ಬಣ್ಣ ಹಚ್ಚಿದ ನಕಲುಗಳನ್ನು ನೋಡಿದ್ದೇನೆ. ಅಚ್ಚ ಕೆಂಪು, ಅಚ್ಚ ನೀಲಿ, ಜಾತ್ರೆ ಗೊಂಬೆ ತರ. ಅಷ್ಟು ಚೆಂದ ಕೆತ್ತುವ ಜನ ಅದರ ಮೇಲೆ ಹಾಗೆ ಬಳಿಯುತ್ತಿದ್ದರಾ? ಯಾರೋ ನಾಲ್ಕು ಜನ ಸಂಶೋಧಕರು ಹೇಳಿದರು ಅಂತ ನಂಬಬೇಕಾ?

ಉಳಿಪೆಟ್ಟು:

ಎರಡು ವಿಷಯ ಬೇರೆ ಮಾಡೋಣ. ಬಣ್ಣ ಇತ್ತಾ? ಇತ್ತು, ಅದರಲ್ಲಿ ಚರ್ಚೆಯೇ ಇಲ್ಲ. ಹಚ್ಚಿದ ಮೇಲೆ ಹೇಗೆ ಕಾಣುತ್ತಿತ್ತು? ಅದರಲ್ಲಿ ಚರ್ಚೆ ಇದೆ, ಅಲ್ಲಿ ನಿಮ್ಮ ಮಾತಿಗೆ ಬೆಲೆ ಇದೆ.

ಇತ್ತು ಅನ್ನುವುದಕ್ಕೆ ಕಣ್ಣಾರೆ ಕಾಣುವ ಸಾಕ್ಷಿ ಅಥೆನ್ಸಿನಲ್ಲೇ ಇದೆ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಅಲ್ಲಿನ ಗುಡಿಗಳ ಗುಡ್ಡ ಅಕ್ರೊಪೊಲಿಸ್ ಸುಟ್ಟು ಪ್ರತಿಮೆಗಳನ್ನು ಉರುಳಿಸಿದರು. ತಿರುಗಿ ಬಂದ ಊರಿನವರು ಮುರಿದವನ್ನು ಅಲ್ಲೇ ಗುಂಡಿಗಳಲ್ಲಿ ಹೂತರು. 1880ರ ದಶಕದಲ್ಲಿ ಅಗೆದಾಗ ಬಟ್ಟೆಯ ಅಂಚು, ಕೂದಲು, ಕಣ್ಣುಗಳಲ್ಲಿ ಬಣ್ಣ ಹಾಗೇ ಇತ್ತು. ಆಮೇಲೆ ನೀಲಿ. ಈಜಿಪ್ಟಿನ ನೀಲಿ ಅಂತ ಮನುಷ್ಯರೇ ತಯಾರಿಸಿದ ಒಂದು ಬಣ್ಣ ಇದೆ. ಅದರ ಮೇಲೆ ಸಾಧಾರಣ ಬೆಳಕು ಬಿಟ್ಟು ಅವಗೆಂಪು ಕ್ಯಾಮೆರಾದಲ್ಲಿ ನೋಡಿದರೆ ಬೆಳ್ಳಗೆ ಮಿನುಗುತ್ತದೆ. ಕಣ್ಣಿಗೆ ಒಂದು ಚುಕ್ಕೆಯೂ ಕಾಣದ, ಅಥೆನ್ಸಿನ ಪಾರ್ಥೆನಾನ್ ಗುಡಿಯ ಶಿಲ್ಪಗಳ ಮೇಲೂ, ಉದಾಹರಣೆಗೆ ಐರಿಸ್ ದೇವತೆಯ ಸೊಂಟಪಟ್ಟಿಯ ಮೇಲೆ, ಹೀಗೆ ನೀಲಿ ಸಿಕ್ಕಿದೆ. ಅವೇ ಪಾರ್ಥೆನಾನ್ ಶಿಲ್ಪಗಳನ್ನು 1937-38ರಲ್ಲಿ ಲಂಡನ್ನಿನಲ್ಲಿ ಬೆಳ್ಳಗೆ ಕಾಣಲಿ ಅಂತ ತಾಮ್ರದ ಹತಾರದಲ್ಲಿ ಕೆರೆದರು. ಬಿಳಿ ಹುಟ್ಟಿದ ಕತೆಯಲ್ಲಿ ಮಳೆ ಗಾಳಿಯ ಜೊತೆ ಇಂಥ ಉಪಕಾರಿಗಳೂ ಇದ್ದಾರೆ.

ಈಗ ನಿಮ್ಮ ಆಕ್ಷೇಪ. ಕಲ್ಲಿನ ಮೇಲೆ ಉಳಿಯುವುದು ಸಾಮಾನ್ಯವಾಗಿ ತಳದ ಪದರ. ಮೇಲೆ ತೆಳುವಾಗಿ ಕೊಟ್ಟ ನೆರಳು, ಮೇಣದ ಹೊಳಪು ಉಳಿಯುವುದಿಲ್ಲ. ತಳದ ಪದರವನ್ನಷ್ಟೇ ಹಚ್ಚಿ ನಿಲ್ಲಿಸಿದರೆ ಒರಟಾಗಿಯೇ ಕಾಣುತ್ತದೆ. ಪ್ರಾಕ್ಸಿಟಿಲಿಸ್ ಎಂಥ ದೊಡ್ಡ ಶಿಲ್ಪಿ. ನಿನ್ನ ಕೆಲಸದಲ್ಲಿ ನಿನಗೆ ಯಾವುದು ಇಷ್ಟ ಅಂತ ಕೇಳಿದ್ದಕ್ಕೆ, ನಿಕಿಯಾಸ್ ಕೈಯಾಡಿಸಿದವು ಅಂದನಂತೆ. ನಿಕಿಯಾಸ್ ಬಣ್ಣ ಹಚ್ಚುವವನು. ಹೆಸರಾಂತ ಚಿತ್ರಕಾರ. ಅಂಥವನು ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದಿರುತ್ತಾನಾ?

ಬಿಸಿಲುಕುದುರೆ:

ಇದು ಸರಿ. ಹಾಗಾದರೆ ನನ್ನ ಜಗಳ ಆ ನಕಲು ಮಾಡಿದವರ ಜೊತೆ.

ಸಂಜೆಮಲ್ಲಿಗೆ:

ಬಣ್ಣ ಉಳಿದದ್ದರಲ್ಲಿ ನನಗೆ ಇಷ್ಟ ಫ್ರಾಸಿಕ್ಲಿಯಾ. ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿದ್ದಾಳೆ. ಗೋರಿಯ ಮೇಲೆ ನಿಲ್ಲಿಸಿದ್ದ ಹುಡುಗಿಯ ಪ್ರತಿಮೆ, ಕ್ರಿ.ಪೂ. 550-540ರ ಸುಮಾರಿನದು. ಕೆಂಪು ಉಡುಪಿನ ಮೇಲೆ ಹೂವುಗಳು, ತಲೆ ಮೇಲೆ ಮೊಗ್ಗಿನ ಕಿರೀಟ, ಕೈಯಲ್ಲಿ ಇನ್ನೂ ಅರಳದ ತಾವರೆ ಮೊಗ್ಗು. ಪೀಠದ ಮೇಲೆ ಅವಳೇ ಮಾತಾಡುತ್ತಾಳೆ: ಇದು ಫ್ರಾಸಿಕ್ಲಿಯಾಳ ಗೋರಿ, ನನ್ನನ್ನು ಎಂದೆಂದಿಗೂ ಕನ್ಯೆ ಅಂತಲೇ ಕರೆಯುತ್ತಾರೆ, ಮದುವೆಯ ಬದಲು ದೇವರು ನನಗೆ ಕೊಟ್ಟದ್ದು ಈ ಹೆಸರು. ಕೆತ್ತಿದವನ ಹೆಸರೂ ಇದೆ, ಪಾರೊಸ್ ದ್ವೀಪದ ಅರಿಸ್ಟಿಯಾನ್. ಪೀಠ ಮೊದಲೇ ಗೊತ್ತಿತ್ತು, ಒಂದು ಚರ್ಚಿನ ಗೋಡೆಗೆ ಸೇರಿಕೊಂಡಿತ್ತು, 18ನೇ ಶತಮಾನದಲ್ಲೇ ಅದನ್ನು ಓದಿದ್ದರು. ಪ್ರತಿಮೆ ಸಿಕ್ಕಿದ್ದು 1972ರಲ್ಲಿ, ಹತ್ತಿರದ ಗುಂಡಿಯಲ್ಲಿ ಒಬ್ಬ ಯುವಕನ ಪ್ರತಿಮೆಯ ಪಕ್ಕ ಮಲಗಿಸಿದ ಸ್ಥಿತಿಯಲ್ಲಿ. ಪ್ರತಿಮೆಯ ಬುಡವನ್ನು ಪೀಠಕ್ಕೆ ಬಿಗಿಯಲು ಹೊಯ್ದಿದ್ದ ಸೀಸದ ಬಳೆಯೂ ಸಿಕ್ಕಿತು. ಅದು ಆ ಪೀಠದ ಗುಳಿಗೆ ಸರಿಯಾಗಿ ಕೂತಿತು.

ಎರಕದಮನೆ:

ಸೀಸ ಹೊಯ್ದು ಬಿಗಿಯುವುದು! ಒಳ್ಳೆ ಮಾಹಿತಿ ಕೊಟ್ಟಿರಿ ಮೇಡಂ. ಪ್ರತಿಮೆಯನ್ನು ಹೂತವರು ಬುಡದ ಬಳೆಯನ್ನೂ ಬಿಡದೆ ಎತ್ತಿಟ್ಟಿದ್ದಾರೆ ಅಂದರೆ ಕಿತ್ತದ್ದು ಒಡೆಯುವುದಕ್ಕಲ್ಲ, ಬಚ್ಚಿಡುವುದಕ್ಕೆ.

ತುಂಗಾತೀರ:

ಉಳಿಪೆಟ್ಟು ಸರ್, ಪ್ರತಿಮೆಗೆ ಕೆಲಸ ಇತ್ತು, ಶಿಕ್ಷೆ ಇತ್ತು ಅಂದಿರಿ. ಅದನ್ನು ಬಿಡಿಸಿ ಹೇಳಿ.

ಉಳಿಪೆಟ್ಟು:

ಉದ್ದ ಆಗುತ್ತದೆ, ಬೈಯಬೇಡಿ.

ಮೆಸೊಪೊಟೇಮಿಯಾದಿಂದ ಶುರು ಮಾಡೋಣ, ಅಂದರೆ ಈಗಿನ ಇರಾಕ್. ಟೆಲ್ ಅಸ್ಮರ್‌ನ ಗುಡಿಯ ನೆಲದಡಿ 1930ರ ದಶಕದಲ್ಲಿ 12 ಪ್ರತಿಮೆ ಸಿಕ್ಕವು. ಸುಮಾರು 4500 ವರ್ಷಕ್ಕೂ ಹಿಂದಿನವು. ಎದೆ ಮುಂದೆ ಕೈ ಕಟ್ಟಿ, ಮುಖದ ಅರ್ಧ ತುಂಬುವಷ್ಟು ದೊಡ್ಡ ಕಣ್ಣು ಬಿಟ್ಟು ನಿಂತಿವೆ. ಇವು ದೇವರಲ್ಲ, ಭಕ್ತರು. ನನಗೆ ದಿನವಿಡೀ ಗುಡಿಯಲ್ಲಿ ನಿಲ್ಲಲು ಆಗುವುದಿಲ್ಲ, ನನ್ನ ಪರವಾಗಿ ನೀನು ನಿಂತಿರು ಅಂತ ಇಟ್ಟದ್ದು. ಲಗಾಶ್‌ನ ದೊರೆ ಗುಡೇಯ ಇದನ್ನು ಇನ್ನೂ ಮುಂದೆ ಒಯ್ದ. ಪ್ರತಿಮೆಯ ಮೇಲಿನ ಬರಹದಲ್ಲಿ ಪ್ರತಿಮೆಗೇ ಹೇಳುತ್ತಾನೆ, ನನ್ನ ದೇವರಿಗೆ ಹೀಗೆ ಹೀಗೆ ಹೇಳು ಅಂತ. ಅದಕ್ಕೆ ಬಿಯರ್ ಇಷ್ಟು, ರೊಟ್ಟಿ ಇಷ್ಟು ಅಂತ ಪಡಿ ಕೂಡ ನಿಗದಿಯಾಗಿದೆ. ಜೊತೆಗೆ, ಇದು ಬೆಳ್ಳಿಯದಲ್ಲ, ತಾಮ್ರದ್ದಲ್ಲ, ಗಟ್ಟಿ ಕಲ್ಲಿನದು ಅಂತಲೂ ಬರೆಸಿದ್ದಾನೆ. ಕರಗಿಸಿಕೊಳ್ಳುವವರಿಗೆ ಇದರಿಂದ ಏನೂ ಗಿಟ್ಟುವುದಿಲ್ಲ ಅಂತ ಅರ್ಥ. ಬುದ್ಧಿವಂತ.

ದೇವರ ಮೂರ್ತಿ ಆದರೆ ಅಲ್ಲೂ ಬಾಯಿ ತೊಳೆಯುವ ಶಾಸ್ತ್ರ. ಅದರಲ್ಲಿ ಒಂದು ವಿಚಿತ್ರ ಇದೆ. ಮೂರ್ತಿ ಮಾಡಿದ ಕುಶಲಕರ್ಮಿಗಳ ಕೈಗಳನ್ನು ಕಟ್ಟಿ, ಮರದ ಕತ್ತಿಯಲ್ಲಿ ಕಡಿದ ಹಾಗೆ ಮಾಡುತ್ತಿದ್ದರು. ಅವರು ಇದನ್ನು ಮಾಡಿದ್ದು ನಾನಲ್ಲ, ಅಕ್ಕಸಾಲಿ ದೇವರು ಮಾಡಿದ, ಬಡಗಿ ದೇವರು ಮಾಡಿದ ಅಂತ ಆಣೆ ಇಡಬೇಕು. ಯುದ್ಧದಲ್ಲಿ ಈ ಮೂರ್ತಿಗಳನ್ನು ಸೆರೆ ಒಯ್ಯುತ್ತಿದ್ದರು. ಬಾಬಿಲೋನಿನ ಮರ್ದುಕ್ ದೇವರನ್ನು ಹಿಟ್ಟೈಟರು ಒಯ್ದರು, ಎಲಾಮಿನವರು ಒಯ್ದರು. ವಾಪಸ್ ಬಂದಾಗಲೆಲ್ಲ ಊರಿಗೆ ಹಬ್ಬ.

ಗ್ರೀಸ್‌ಗೆ ಬನ್ನಿ. ಅಥೆನ್ಸಿನಲ್ಲಿ ಅಥೀನಾ ದೇವಿಯ ಪ್ರತಿಮೆ ಅಂದರೆ ನಮಗೆ ನೆನಪಾಗುವುದು ಫಿಡಿಯಾಸ್ ಮಾಡಿದ ಚಿನ್ನ, ದಂತದ ದೈತ್ಯ ಮೂರ್ತಿ, ಕ್ರಿ.ಪೂ. 438ರದ್ದು, ಸುಮಾರು 12 ಮೀಟರ್ ಎತ್ತರ. ಆದರೆ ನಿಜವಾದ ಭಕ್ತಿ ಇದ್ದದ್ದು ಆಲಿವ್ ಮರದ ಒಂದು ಹಳೇ ಮೂರ್ತಿಗೆ. ವರ್ಷಕ್ಕೊಮ್ಮೆ ಅದರ ಬಟ್ಟೆ ಒಡವೆ ಬಿಚ್ಚಿ ತೊಳೆಯುವ ಹಬ್ಬ, ಇನ್ನೊಂದು ಹಬ್ಬದಲ್ಲಿ ಊರಿನ ಹೆಣ್ಣುಮಕ್ಕಳು ನೇಯ್ದ ಹೊಸ ಉಡುಪು. ಚಿನ್ನದ್ದು? ಅದು ಒಂಥರಾ ಊರಿನ ಖಜಾನೆ. ಚಿನ್ನದ ತಗಡುಗಳನ್ನು ಬಿಚ್ಚಿ ತೂಗಲು ಬರುವ ಹಾಗೆ ಕೂರಿಸಿದ್ದರು. ಯುದ್ಧ ಬಂದರೆ ಬಳಸಿ ಆಮೇಲೆ ತುಂಬಿಕೊಡೋಣ ಅಂತ ಊರಿನ ಮುಂದಾಳು ಪೆರಿಕ್ಲಿಸ್ ಸಭೆಯಲ್ಲೇ ಹೇಳಿದ್ದ. ಫಿಡಿಯಾಸ್ ಮೇಲೆ ಚಿನ್ನ ಕದ್ದ ಆರೋಪ ಬಂದಾಗಲೂ ಪೆರಿಕ್ಲಿಸ್ ಬಿಚ್ಚಿ ತೂಗಿ ಅಂದನಂತೆ. ಆಮೇಲೊಬ್ಬ ಸರ್ವಾಧಿಕಾರಿ ಲಾಖರಿಸ್ ಅದನ್ನು ಕಿತ್ತು ಸೈನಿಕರಿಗೆ ಸಂಬಳ ಕೊಟ್ಟ.

ಒಲಿಂಪಿಯಾದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ ಆಟಗಾರರಿಗೆ ದಂಡ ಹಾಕಿ ಆ ದುಡ್ಡಿನಲ್ಲಿ ಕಂಚಿನ ಝ್ಯೂಸ್ ಪ್ರತಿಮೆಗಳನ್ನು ಮಾಡಿಸುತ್ತಿದ್ದರು. ಕ್ರಿ.ಪೂ. 388ರಲ್ಲಿ ಯೂಪೊಲಸ್ ಅನ್ನುವ ಮುಷ್ಟಿಕಾಳಗದವನು ಎದುರಾಳಿಗಳಿಗೆ ಲಂಚ ಕೊಟ್ಟದ್ದಕ್ಕೆ ಮೊದಲ ಆರು. ನಿಲ್ಲಿಸಿದ್ದು ಕ್ರೀಡಾಂಗಣಕ್ಕೆ ಹೋಗುವ ದಾರಿಯಲ್ಲೇ. ಪೀಠಗಳ ಸಾಲು ಈಗಲೂ ಇದೆ, ಪ್ರತಿಮೆಗಳು ಹೋದವು.

ಶಿಕ್ಷೆಯ ಕತೆ ಥಾಸೊಸ್ ದ್ವೀಪದ್ದು. ಥಿಯಾಜೆನಿಸ್ ಅಲ್ಲಿನ ಜಟ್ಟಿ, ಕ್ರಿ.ಪೂ. 480ರಲ್ಲಿ ಒಲಿಂಪಿಕ್ಸ್ ಗೆದ್ದವನು. ಸತ್ತ ಮೇಲೆ ಅವನ ಒಬ್ಬ ವೈರಿ ರಾತ್ರಿ ರಾತ್ರಿ ಬಂದು ಅವನ ಕಂಚಿನ ಪ್ರತಿಮೆಗೆ ಚಾಟಿಯಲ್ಲಿ ಹೊಡೆಯುತ್ತಿದ್ದನಂತೆ. ಒಂದು ರಾತ್ರಿ ಪ್ರತಿಮೆಯೇ ಅವನ ಮೇಲೆ ಬಿದ್ದು ಆ ವೈರಿ ಸತ್ತ. ಸತ್ತವನ ಮಕ್ಕಳು ಪ್ರತಿಮೆಯ ಮೇಲೆ ಕೊಲೆ ಮೊಕದ್ದಮೆ ಹೂಡಿದರು. ಪ್ರತಿಮೆಗೆ ಶಿಕ್ಷೆ ಆಗಿ ಸಮುದ್ರಕ್ಕೆ ಎಸೆದರು. ಆಮೇಲೆ ಬರ ಬಂತು, ಡೆಲ್ಫಿಯ ದೈವ ಥಿಯಾಜೆನಿಸ್‌ನನ್ನು ಮರೆತಿದ್ದೀರಿ ಅಂದಿತು, ಮೀನುಗಾರರ ಬಲೆಗೆ ಪ್ರತಿಮೆ ಸಿಕ್ಕಿತು, ಮತ್ತೆ ನಿಲ್ಲಿಸಿ ಪೂಜೆ ಶುರು ಮಾಡಿದರು. ಇದನ್ನು ಬರೆದವನು ಹಳೇ ಗ್ರೀಕ್ ಪ್ರವಾಸಿ ಪೌಸಾನಿಯಾಸ್. ಕಟ್ಟುಕತೆ ಅನ್ನಿ ಬೇಕಾದರೆ. ಆದರೆ ಥಾಸೊಸ್ ಅಗೆದಾಗ ಅವನ ಹೆಸರಿನ ಕಾಣಿಕೆ ಡಬ್ಬಿ ಸಿಕ್ಕಿದೆ, ಅಮೃತಶಿಲೆಯದು, ಬಲಿ ಕೊಡುವವರು ಕನಿಷ್ಠ ಒಂದು ಓಬೊಲ್ ನಾಣ್ಯ ಹಾಕಬೇಕು ಅಂತ ಬರೆದದ್ದು.

ಬಿಸಿಲುಕುದುರೆ:

ಕಾಣಿಕೆ ಡಬ್ಬಿಗೆ ಕನಿಷ್ಠ ದರ! ಇದು ಯಾವ ಕಾಲಕ್ಕೂ ಬದಲಾಗುವುದಿಲ್ಲ ಬಿಡಿ.

ಒಂದು ಕೇಳುತ್ತೇನೆ. ಆಗಿನವರೆಲ್ಲ ಇದನ್ನು ನಿಜವಾಗಿ ನಂಬುತ್ತಿದ್ದರಾ? ನಗುವವರು ಯಾರೂ ಇರಲಿಲ್ಲವಾ?

ಉಳಿಪೆಟ್ಟು:

ಧಾರಾಳವಾಗಿ ಇದ್ದರು. ಪ್ರತಿಮೆಗೆ ಪ್ರಾರ್ಥನೆ ಮಾಡುವುದು ಮನೆಯ ಗೋಡೆ ಜೊತೆ ಹರಟೆ ಹೊಡೆದ ಹಾಗೆ ಅಂತ ಗ್ರೀಕ್ ತತ್ವಜ್ಞಾನಿ ಹೆರಾಕ್ಲಿಟಸ್ ಕ್ರಿ.ಪೂ. 500ರ ಸುಮಾರಿಗೇ ಹೇಳಿದ. ಲೂಸಿಯನ್ ಅನ್ನುವ ಹಾಸ್ಯಗಾರ ಇನ್ನೂ ಚೆನ್ನಾಗಿ ಹೇಳಿದ್ದಾನೆ. ಹೊರಗಿನಿಂದ ನೋಡಿದರೆ ಚಿನ್ನ, ದಂತ, ಕೈಯಲ್ಲಿ ಸಿಡಿಲು. ಬಗ್ಗಿ ಒಳಗೆ ನೋಡಿದರೆ ಅಡ್ಡಪಟ್ಟಿ, ಮೊಳೆ, ಬೆಣೆ, ಅಂಟು, ಮಣ್ಣು, ಜೊತೆಗೆ ಸಂಸಾರ ಹೂಡಿದ ಇಲಿಗಳು ಅಂತ.

ಎರಕದಮನೆ:

ಲೂಸಿಯನ್ ಒಳಗೆ ಬಗ್ಗಿ ನೋಡಿಯೇ ಬರೆದಿರಬೇಕು. ಫಿಡಿಯಾಸ್ ಪ್ರತಿಮೆ ಅಂದರೆ ಒಳಗೆ ಮರದ ಚೌಕಟ್ಟು, ಮೇಲೆ ಚಿನ್ನದ ತಗಡು, ದಂತದ ಹಾಳೆ. ದಂತ ಒಣಗಿದರೆ ಸೀಳುತ್ತದೆ. ಅಥೆನ್ಸಿನ ಅಥೀನಾಗೆ ಒಣ ಹವೆ ಅಂತ ನೀರು, ಒಲಿಂಪಿಯಾದಲ್ಲಿ ಅವನೇ ಮಾಡಿದ ಝ್ಯೂಸ್ ಮೂರ್ತಿಗೆ ಜೌಗು ಅಂತ ಎಣ್ಣೆ ಬಳಸುತ್ತಿದ್ದರು ಅಂತ ಪೌಸಾನಿಯಾಸ್ ಬರೆದಿದ್ದಾನೆ. ಒಲಿಂಪಿಯಾದಲ್ಲಿ ಫಿಡಿಯಾಸ್‌ನ ಕಾರ್ಖಾನೆಯನ್ನೇ 1950ರ ದಶಕದಲ್ಲಿ ಅಗೆದಿದ್ದಾರೆ. ದಂತದ ಚೂರು, ಹತಾರ, ಉಡುಪಿನ ಮಡಿಕೆಗೆ ಮಾಡಿದ ಮಣ್ಣಿನ ಅಚ್ಚು ಸಿಕ್ಕವು. ಒಂದು ಕುಡಿಯುವ ಲೋಟದ ತಳದಲ್ಲಿ ನಾನು ಫಿಡಿಯಾಸ್‌ನದು ಅಂತ ಗೀಚಿದೆ. ಕಾರ್ಖಾನೆಯಲ್ಲಿ ಲೋಟ ಕದಿಯುವವರು ಆಗಲೂ ಇದ್ದರು.

ಸಂಜೆಮಲ್ಲಿಗೆ:

ರೋಮನ್ನರ ಬಗ್ಗೆ ಯಾರೂ ಹೇಳಲೇ ಇಲ್ಲ. ಅವರು ತಲೆ ಬದಲಾಯಿಸುತ್ತಿದ್ದರು ಅಂತಾರಲ್ಲ?

ಉಳಿಪೆಟ್ಟು:

ಹೌದು, ಮೈಗೆ ಕುತ್ತಿಗೆಯಲ್ಲಿ ಗುಳಿ, ತಲೆ ಬೇರೆ ಮಾಡಿ ಕೂರಿಸುವುದು ಮಾಮೂಲಿ. ಚಕ್ರವರ್ತಿಗೆ ಕೆಟ್ಟ ಹೆಸರು ಬಂದು ಸತ್ತರೆ ಅವನ ಮುಖವನ್ನೇ ಕೆತ್ತಿ ಮುಂದಿನವನ ಮುಖ ಮಾಡುತ್ತಿದ್ದರು. ನೀರೋ ಹೋಗಿ ವೆಸ್ಪೇಸಿಯನ್ ಆದ, ಡೊಮಿಷಿಯನ್ ಹೋಗಿ ನರ್ವ ಆದ. ಮಿಸೆನಮ್‌ನಲ್ಲಿ ಸಿಕ್ಕ ಕಂಚಿನ ಕುದುರೆ ಸವಾರನಲ್ಲಿ ಡೊಮಿಷಿಯನ್‌ನ ಮುಖವನ್ನಷ್ಟೇ ಕತ್ತರಿಸಿ ತೆಗೆದು ನರ್ವನ ಮುಖ ಬೆಸೆದಿದ್ದಾರೆ. ಹಿಂದಲೆಯ ಕೂದಲು ಹಳಬನದೇ, ಸಂದಿ ಈಗಲೂ ಕಾಣುತ್ತದೆ. ಇದು ರೋಮನ್ನರೇ ಶುರು ಮಾಡಿದ ಚಾಳಿ ಅಲ್ಲ. ಅಥೆನ್ಸ್ ಆಳಿದ ಫಾಲೆರಾನ್‌ನ ಡಿಮಿಟ್ರಿಯಸ್‌ಗೆ 360 ಪ್ರತಿಮೆ ಇದ್ದವಂತೆ. ಕ್ರಿ.ಪೂ. 307ರಲ್ಲಿ ಅವನು ಬಿದ್ದ ಮೇಲೆ ಎಲ್ಲ ಕರಗಿದವು, ಒಂದನ್ನು ಬಿಟ್ಟು. ಕೆಲವು ರಾತ್ರಿ ಉಚ್ಚೆ ಹೊಯ್ಯುವ ಪಾತ್ರೆ ಆದವು ಅಂತ ಬರೆದಿದ್ದಾರೆ. ರೋಡ್ಸ್‌ನವರು ಇನ್ನೂ ಜಿಪುಣರು. ಹೊಸಬರಿಗೆ ಸನ್ಮಾನ ಮಾಡಬೇಕು ಅಂದಾಗ ಹಳೇ ಪ್ರತಿಮೆಯ ಹೆಸರು ಅಳಿಸಿ ಹೊಸ ಹೆಸರು ಕೆತ್ತುತ್ತಿದ್ದರು. ಡಿಯೊ ಅನ್ನುವ ಭಾಷಣಕಾರ ಅವರ ಊರಿಗೇ ಹೋಗಿ ಇದಕ್ಕೆ ಛೀಮಾರಿ ಹಾಕಿದ್ದಾನೆ.

ಸುಡಾನಿನ ಮೆರೊಯೆಯಲ್ಲಿ ಸಿಕ್ಕ ಅಗಸ್ಟಸ್‌ನ ಕಂಚಿನ ತಲೆ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕುಶ್ ರಾಜ್ಯದವರು ರೋಮನ್ ಈಜಿಪ್ಟಿನ ಮೇಲೆ ದಾಳಿ ಮಾಡಿ ಪ್ರತಿಮೆಯ ತಲೆ ಕಡಿದು ತಂದು ತಮ್ಮ ಒಂದು ಗುಡಿಯ ಮೆಟ್ಟಿಲಿನ ಕೆಳಗೆ ಹೂತಿದ್ದರು. ಬಂದವರೆಲ್ಲ ಚಕ್ರವರ್ತಿಯ ತಲೆ ತುಳಿದು ಒಳಗೆ ಹೋಗಬೇಕು. 1910ರಲ್ಲಿ ತೆಗೆದಾಗ ಗಾಜು, ಕಲ್ಲಿನ ಕಣ್ಣುಗಳು ಹಾಗೇ ಇದ್ದವು.

ತುಂಗಾತೀರ:

ನನ್ನ ಮೂರು ಪ್ರಶ್ನೆಗೂ ಉತ್ತರ ಸಿಕ್ಕಿತು, ಮೇಲೆ ಇಲಿ ಕತೆಯೂ ಸಿಕ್ಕಿತು. ನಾದಿನಿ ಇಟಲಿಯಲ್ಲಿದ್ದಾಳೆ, ಮುಂದಿನ ವರ್ಷ ಹೋಗುವ ಯೋಚನೆ ಇದೆ. ಒಂದೇ ಜಾಗ ನೋಡಲು ಆಗುವುದಾದರೆ ಯಾವುದು?

ಎರಕದಮನೆ:

ರೆಜ್ಜೊ ಕಲಾಬ್ರಿಯಾ. ರಿಯಾಚೆಯ ಯೋಧರು ಅಲ್ಲಿನ ಮ್ಯೂಸಿಯಂನಲ್ಲಿದ್ದಾರೆ, ಭೂಕಂಪ ತಡೆಯುವ ಪೀಠದ ಮೇಲೆ. ಸ್ವಲ್ಪ ಸ್ವಲ್ಪ ಜನರನ್ನೇ ಒಳಗೆ ಬಿಡುತ್ತಾರೆ, ಮೊದಲು ಗಾಳಿ ಶುದ್ಧ ಮಾಡುವ ಕೋಣೆಯಲ್ಲಿ ನಿಲ್ಲಿಸುತ್ತಾರೆ. ಮುಂದಿನಿಂದ ಎಲ್ಲರೂ ಫೋಟೋ ತೆಗೆಯುತ್ತಾರೆ. ನೀವು ಕಾಲ್ಬೆರಳು ನೋಡಿ, ಆಮೇಲೆ ಪೂರ್ತಿ ಒಂದು ಸುತ್ತು ಬಂದು ಹಿಂದಿನಿಂದ ಬೆನ್ನು ನೋಡಿ.

ಉಳಿಪೆಟ್ಟು:

ನೇಪಲ್ಸ್ ಮೇಲೆ ಹೋಗುವುದಾದರೆ ಬಾಯಾ ಅಲ್ಲೇ ಹತ್ತಿರ. ಗಾರೆ ಅಚ್ಚಿನ ಚೂರುಗಳು, ಮುಖ ಬದಲಾಯಿಸಿದ ಕುದುರೆ ಸವಾರ ಎರಡೂ ಅಲ್ಲಿನ ಕೋಟೆಯ ಮ್ಯೂಸಿಯಂನಲ್ಲಿ. ಹೊರಡುವ ಮುಂಚೆ ಯಾವ ದಿನ ತೆರೆದಿರುತ್ತದೆ ಅಂತ ನೋಡಿಕೊಳ್ಳಿ.